ಕಲೆಕ್ಟರ್ ಒಳಗೆ ಬಂದ ಹೊತ್ತು

ವ್ಯಾಸರ್ಪಾಡಿ, ಚೆನ್ನೈ
12 ಫೆಬ್ರವರಿ 2019

ಮೂರುಬೀದಿ ಪಾರಿವಾಳ ಸಂಘದ ಫಲಿತಾಂಶ ಕಾರ್ಯದರ್ಶಿಯವರಿಗೆ,

ಸಂಘದ ಹಳೆಯ ಸದಸ್ಯ ದೇಸಿಂಗು ಬರೆದುಕೊಡುವ ತಕರಾರು.

ಭಾನುವಾರ ಖಮ್ಮಂನಿಂದ ಬಿಟ್ಟ ರೇಸಿನಲ್ಲಿ ನನ್ನ ಗಂಡು ಹಕ್ಕಿ ಕಲೆಕ್ಟರ್ ಮೊದಲು ಬಂದ. ಸಂಘದ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ತಣಿಕಾಚಲಂನ ಹಕ್ಕಿ ಮೇಸ್ತ್ರಿ ಒಂದನೆಯದು, ನನ್ನದು ಎರಡನೆಯದು ಎಂದಿದೆ. ಎರಡರ ಮುಂದೆಯೂ ಇರುವ ಹೊತ್ತು ಒಂದೇ. ಗಂಟೆ ಒಂದೇ, ನಿಮಿಷ ಒಂದೇ, ಸೆಕೆಂಡೂ ಒಂದೇ. ಖಮ್ಮಂನಿಂದ ನಮ್ಮಿಬ್ಬರ ತಾರಸಿಗೂ ದೂರ ಒಂದೇ ಎಂದು ಸಂಘವೇ ಅಳೆದು ಬರೆದಿಟ್ಟಿದೆ. ನನ್ನ ಹಿತ್ತಿಲ ಗೋಡೆಗೂ ಅವನ ಹಿತ್ತಿಲ ಗೋಡೆಗೂ ನಡುವೆ ಒಂದು ಸಂದಿ, ಅಷ್ಟೆ. ಎಲ್ಲವೂ ಒಂದೇ ಆದಮೇಲೆ ಅವನು ಮೇಲೆ, ನಾನು ಕೆಳಗೆ ಹೇಗೆ?

ಕಲೆಕ್ಟರ್ ನನ್ನ ತಾರಸಿಯ ಕಟ್ಟೆಗೆ ಇಳಿದಾಗ ಆಕಾಶದಲ್ಲಿ ಮೇಸ್ತ್ರಿಯ ಒಂದು ಪುಕ್ಕವೂ ಇರಲಿಲ್ಲ. ಇದಕ್ಕೆ ಇಸ್ತ್ರಿ ಅಂಗಡಿಯ ಮುರುಗಯ್ಯನೇ ಸಾಕ್ಷಿ. ರಸ್ತೆಯಿಂದಲೇ ಕೂಗಿದ: "ದೇಸಿಂಗಣ್ಣಾ, ನಿನ್ ಕಲೆಕ್ಟರ್ ಡ್ಯೂಟಿಗೆ ಬಂದ್ಬಿಟ್ಟ ನೋಡು!" ಬೀದಿಯೆಲ್ಲ ಕೇಳಿಸಿಕೊಂಡಿದೆ. ಕಂಪ್ಯೂಟರಿಗೆ ಮಾತ್ರ ಕೇಳಿಸಲಿಲ್ಲವೋ?

ತಕರಾರನ್ನು ಬರೆದೇ ಕೊಡಬೇಕು, ಉತ್ತರವನ್ನೂ ಬರೆದೇ ಕೊಡಬೇಕು ಎಂಬ ನಿಯಮ ಮಾಡಿಸಿದವನೇ ನಾನು. ಆ ಕಾಲದಲ್ಲಿ ಟೀ ಅಂಗಡಿಯಲ್ಲಿ ಬೆಂಚುಗಳು ಹಾರುತ್ತಿದ್ದವು. ಆ ನಿಯಮ ಇವತ್ತು ನನಗೇ ಒದಗಿತು. ಕಾರ್ಯದರ್ಶಿಯ ಜೊತೆ ನನಗೆ ಮಾತಿಲ್ಲವಲ್ಲ.

ತಕರಾರು ಇಲ್ಲಿಗೆ ಮುಗಿಯಿತು. ಇನ್ನು ಬರೆಯುವುದು ಸಂಘಕ್ಕಲ್ಲ.

ಕುಯಿಲಿ, ನಿನಗೆ ಕೋಗಿಲೆಯ ಹೆಸರು ಇಟ್ಟದ್ದು ನನ್ನ ಬುದ್ಧಿ. ಬೆಳೆದು ಬೇರೆಯವನ ಗೂಡಿಗೆ ಹೋಗಿ ಕೂತೆ. ಹೋಗಲಿ, ಮದುವೆಯಾಗಬೇಡ ಎಂದು ನಾನು ಹೇಳಲಿಲ್ಲ. ಈ ಊರಿನಲ್ಲಿ ಅಷ್ಟು ಗಂಡಸರಿದ್ದರೂ ತಣಿಕಾಚಲಂನ ಮಗನೇ ಬೇಕಾದನೇ ಎಂದಷ್ಟೇ ಕೇಳಿದ್ದು. ನಾನೂ ಅವನೂ ಒಂದೇ ಗೂಡಿನಲ್ಲಿ ಹಕ್ಕಿ ಸಾಕಿದವರು. ಒಂದು ದಿನ ನನ್ನ ಒಳ್ಳೆಯ ಜೋಡಿಯ ಮರಿಗಳನ್ನು ತನ್ನವು ಎಂದು ಎತ್ತಿಕೊಂಡು ಹೋದವನು ಅವನು. ಆಮೇಲೆ ಮಗಳನ್ನೂ ಎತ್ತಿಕೊಂಡ. ಈಗ ರೇಸಿನ ಕಪ್ಪನ್ನೂ.

ಭಾನುವಾರ ನಾನು ನನ್ನ ತಾರಸಿಯಲ್ಲಿ ಕಾಳಿನ ಡಬ್ಬಿ ಹಿಡಿದು ನಿಂತಿದ್ದೆ. ನೀನು ಅವನ ತಾರಸಿಯಲ್ಲಿ ಅವನ ಪಕ್ಕ ನಿಂತಿದ್ದೆ. "ಅಪ್ಪಾ, ಬಂತು!" ಎಂದು ಕಿರುಚಿದೆ. ಮಾವನನ್ನು ಅಪ್ಪಾ ಎಂದು ಕರೆಯುವ ಪದ್ಧತಿ ಅವರ ಮನೆಯಲ್ಲಿದೆಯೋ, ನೀನೇ ತಂದದ್ದೋ ಗೊತ್ತಿಲ್ಲ. ನನಗೆ ಕೇಳಿಸಿತು ಎಂದು ತಿಳಿದಿರಲಿ.

ಉತ್ತರ ಅಂಚೆಯಲ್ಲೇ ಬರಲಿ. ನಿನ್ನಮ್ಮನ ಕೈಯಲ್ಲಿ ಕಳಿಸಬೇಡ. ಕೇಳಿದರೆ "ನಾನೇನು ನಿಮ್ ಪೋಸ್ಟ್‌ಮ್ಯಾನಾ? ಸಂದಿ ದಾಟಿ ಹೋಗಿ ಕೊಡ್ರಿ, ಕಾಲಿಗೇನಾಗಿದೆ?" ಎನ್ನುತ್ತಾಳೆ. ಮೀನಿನ ಸಾರನ್ನು ಮಾತ್ರ ದಿನಾ ಸಂದಿ ದಾಟಿಸುತ್ತಾಳೆ.

ದೇಸಿಂಗು

*

15 ಫೆಬ್ರವರಿ 2019

ಸದಸ್ಯರಾದ ಶ್ರೀ ದೇಸಿಂಗು ಅವರಿಗೆ,

ನಿಮ್ಮ ತಕರಾರು ತಲುಪಿತು. ಎರಡು ಹಕ್ಕಿಗಳ ಹೊತ್ತು ಒಂದೇ ಸೆಕೆಂಡಿಗೆ ದಾಖಲಾಗಿದೆ. ಹೊತ್ತು ಒಂದೇ ಆದಾಗ ಯಾವುದನ್ನು ಮೇಲೆ ಬರೆಯಬೇಕು ಎಂದು ನಾನು ಕಂಪ್ಯೂಟರಿಗೆ ಹೇಳಿಕೊಟ್ಟಿರಲಿಲ್ಲ. ಅದು ಕಾಲಿನ ಉಂಗುರದ ನಂಬರು ನೋಡಿ ಚಿಕ್ಕದನ್ನು ಮೇಲೆ ಬರೆಯಿತು. ತಪ್ಪು ನನ್ನದು. ಪಟ್ಟಿ ತೆಗೆಸಿದ್ದೇನೆ. ಇಬ್ಬರೂ ಒಂದನೆಯವರು ಎಂದು ಹೊಸ ಪಟ್ಟಿ ಅಂಟಿಸಿದ್ದಾರೆ. ಕಪ್ಪು ಅರ್ಧ ವರ್ಷ ನಿಮ್ಮಲ್ಲಿ, ಅರ್ಧ ವರ್ಷ ಅವರಲ್ಲಿ. ಮೊದಲ ಅರ್ಧ ನಿಮಗೇ ಇರಲಿ ಎಂದು ಮಾಮ ಹೇಳಿದ್ದಾರೆ.

ಸಂಘದ ಉತ್ತರ ಇಷ್ಟು.

ಅಪ್ಪಾ, ಅಮ್ಮ ಸಂದಿ ದಾಟಿ ಬರುವುದಕ್ಕೂ ನಿಮಗೆ ಹೊಟ್ಟೆಕಿಚ್ಚೇ? ಪಾಪುವಿಗೆ ಐದು ತಿಂಗಳಾಯಿತು. ನಿಮ್ಮ ಹಾಗೆಯೇ ಹುಬ್ಬು ಗಂಟು ಹಾಕುತ್ತಾಳೆ. ಮಾಮ ಅವಳನ್ನು ನೋಡಿ, "ಬೀಗರು ಬಂದ್ರಪ್ಪಾ, ತಕರಾರು ಬರ್ಕೊಳ್ಳಿ" ಎಂದು ನಗಿಸುತ್ತಾರೆ.

ಕುಯಿಲಿ
ಫಲಿತಾಂಶ ಕಾರ್ಯದರ್ಶಿ

*

18 ಫೆಬ್ರವರಿ 2019

ಕಾರ್ಯದರ್ಶಿಯವರಿಗೆ,

ಅರ್ಧ ಕಪ್ಪು ನನಗೆ ಬೇಡ. ಬಿರಿಯಾನಿಯನ್ನು ಅರ್ಧ ಪ್ಲೇಟು ಕೊಳ್ಳಬಹುದು, ಗೆಲುವನ್ನು ಹಾಗೆ ಅರ್ಧ ಕೊಳ್ಳಲಾಗುವುದಿಲ್ಲ. ಮೊದಲ ಅರ್ಧ ನನಗಿರಲಿ ಎನ್ನಲು ಅವನು ಯಾರು? ದಾನ ಕೊಡುತ್ತಾನೋ? ಸಂಘದವರು ಕಪ್ಪನ್ನು ತಂದು ನನ್ನ ಜಗಲಿಯ ಮೇಲಿಟ್ಟು ಹೋದರು. ಮುಟ್ಟಿಲ್ಲ. ನಿನ್ನಮ್ಮ ಅದರಲ್ಲಿ ಕರಿಬೇವು ಇಟ್ಟಿದ್ದಾಳೆ.

ಸೆಕೆಂಡು ಒಂದೇ ಎಂದು ಬರೆದಿದ್ದೀಯ. ಹಾರ್ಬರಿನಲ್ಲಿ ವಿಂಚ್ ಎಳೆದು ಬದುಕಿದವನು ನಾನು, ಐದನೇ ಕ್ಲಾಸು ದಾಟಿಲ್ಲ. ಆದರೂ ಇಷ್ಟು ಗೊತ್ತು: ಎರಡು ಹಕ್ಕಿ ಒಂದೇ ಹೊತ್ತಿಗೆ ಬರುವುದು ಎಂದರೆ ನಮ್ಮ ಕಣ್ಣಿಗೆ ಬಿಡಿಸಲಾಗಲಿಲ್ಲ ಎಂದು ಅರ್ಥ, ಅಷ್ಟೆ. ಒಂದು ಮುಂದೆ, ಒಂದು ಹಿಂದೆ ಇದ್ದೇ ಇರುತ್ತದೆ. ನಿನ್ನ ಕಂಪ್ಯೂಟರು ಸೆಕೆಂಡಿಗೆ ನಿಂತುಬಿಟ್ಟರೆ ಅದಕ್ಕೂ ಇಸ್ತ್ರಿಯ ಮುರುಗಯ್ಯನ ಗೋಡೆ ಗಡಿಯಾರಕ್ಕೂ ಏನು ವ್ಯತ್ಯಾಸ? ಸೆಕೆಂಡಿನ ಒಳಗೆ ಏನಿತ್ತೋ ಅದನ್ನು ತೆಗೆದು ತೋರಿಸು. ನನಗೆ ಪೂರ್ತಿ ಬೇಕು. ಇಲ್ಲವೇ ಏನೂ ಬೇಡ.

ಈ ಹಕ್ಕಿಯನ್ನು ನಾನು ಹೇಗೆ ಸಿದ್ಧ ಮಾಡಿದೆ ಎಂದು ನಿನಗೆ ಗೊತ್ತಿರಬೇಕು. ಚಿಕ್ಕವಳಿದ್ದಾಗ ನಿನಗೇ ಕಲಿಸಿದ ವಿದ್ಯೆ. ರೇಸಿನ ಬುಟ್ಟಿಗೆ ಹಾಕುವ ಮುಂಚೆ ಕಲೆಕ್ಟರನ ಜೋಡಿ ರೋಸಿಯನ್ನು ಬೇರೆ ಗಂಡಿನ ಪಕ್ಕ ಕೂರಿಸಿ, ಅವನಿಗೆ ಕಾಣುವ ಹಾಗೆ ಇಟ್ಟೆ. ಕುತ್ತಿಗೆ ಉಬ್ಬಿಸಿಕೊಂಡು ಸರಳಿಗೆ ಕುಕ್ಕಿದ. ಹಾಗೇ ಹಿಡಿದು ಬುಟ್ಟಿಗೆ ಹಾಕಿದೆ. ಆ ಉರಿ ಹೊಟ್ಟೆಯಲ್ಲಿದ್ದ ಗಂಡು ದಾರಿಯಲ್ಲಿ ನೀರಿಗೂ ಇಳಿಯುವುದಿಲ್ಲ. ಖಮ್ಮಂನಿಂದ ಇಲ್ಲಿಗೆ ನೆಟ್ಟಗೆ ಬಂದ. ಅಂಥವನನ್ನು ಮೇಸ್ತ್ರಿಯ ಜೊತೆ ಒಂದೇ ಚಾಪೆಯ ಮೇಲೆ ಕೂರಿಸುತ್ತೀಯ.

ಈಗ ತಕರಾರಿನ ಆಚೆಯದು. ಮೊನ್ನೆ ಬೆಳಿಗ್ಗೆ ಅವನ ತಾರಸಿಯಲ್ಲಿ ನೀನು ಹಕ್ಕಿಗಳಿಗೆ ಸ್ನಾನದ ನೀರು ಇಡುತ್ತಿದ್ದೆ. ರೆಕ್ಕೆ ಬಿಡಿಸಿ ನೋಡುವುದು, ಎದೆಯ ಮೂಳೆಯನ್ನು ಬೆರಳಿನಿಂದ ಮುಟ್ಟಿ ತೂಕ ಅಂದಾಜು ಮಾಡುವುದು, ಎಲ್ಲ ನನ್ನ ಕೈಯಿಂದ ಹೋದದ್ದು. ಅದನ್ನು ಅವನ ಹಕ್ಕಿಗೆ ಮಾಡುತ್ತಿದ್ದೆ. ನಾನು ಟೀ ಲೋಟ ಕೆಳಗಿಟ್ಟು ಒಳಗೆ ಹೋದೆ.

ಹುಬ್ಬು ಗಂಟು ಹಾಕುವುದು ನನ್ನ ಹಾಗಲ್ಲ, ನನ್ನ ತಾಯಿಯ ಹಾಗೆ. ನಿನ್ನಮ್ಮ ಫೋಟೋ ತೋರಿಸಿದಳು. ನಾನು ಕೇಳಿರಲಿಲ್ಲ.

ದೇಸಿಂಗು

*

22 ಫೆಬ್ರವರಿ 2019

ಅಪ್ಪಾ,

ಇದನ್ನು ಕಾರ್ಯದರ್ಶಿಯಾಗಿ ಬರೆಯುತ್ತಿಲ್ಲ.

ನೀವು ಹೇಳಿದ್ದು ಸರಿ. ಸೆಕೆಂಡಿನ ಒಳಗೆ ಇದ್ದದ್ದು ಎಲ್ಲಿ ಹೋಯಿತು ಎಂದು ಹುಡುಕಿದೆ. ಗೂಡಿನ ಬಾಗಿಲ ಹಲಗೆಯನ್ನು ಹಕ್ಕಿ ತುಳಿದ ಕ್ಷಣವನ್ನು ಪಕ್ಕದ ಗಡಿಯಾರದ ಪೆಟ್ಟಿಗೆ ಹಿಡಿಯುತ್ತದೆ. ಸೆಕೆಂಡನ್ನು ಸಾವಿರ ಚೂರು ಮಾಡಿ ಹಿಡಿಯುತ್ತದೆ. ಸಂಜೆ ಎಲ್ಲರ ಪೆಟ್ಟಿಗೆಗಳನ್ನೂ ಸಂಘದ ಕಂಪ್ಯೂಟರಿಗೆ ಸಿಕ್ಕಿಸಿದಾಗ ಆ ಹೊತ್ತು ಡೇಟಾಬೇಸಿನ ಒಂದು ಟೇಬಲ್ಲಿಗೆ ಹೋಗುತ್ತದೆ. ಆ ಟೇಬಲ್ಲಿನಲ್ಲಿ ಹೊತ್ತಿಗೆಂದು ನಾನು ಮಾಡಿದ ಕಾಲಂ ಪೂರ್ತಿ ಸೆಕೆಂಡುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಚೂರುಗಳಿಗೂ ಜಾಗ ಬೇಕಾದರೆ ಮೊದಲೇ ಕೇಳಬೇಕು. ನಾನು ಕೇಳಿರಲಿಲ್ಲ.

ಕೇಳದಿದ್ದರೆ ಅದು ಚೂರನ್ನು ಸುಮ್ಮನೆ ಬಿಸಾಡುವುದೂ ಇಲ್ಲ. ಕಾಸಿಮೇಡಿನಲ್ಲಿ ಮೀನಿನಾಕೆ ಮಾಡುವ ಹಾಗೆ ಮಾಡುತ್ತದೆ. ತಕ್ಕಡಿಯ ಮುಳ್ಳು ಅರ್ಧಕ್ಕಿಂತ ಆಚೆ ಇದ್ದರೆ ಮುಂದಿನ ಗೆರೆ, ಈಚೆ ಇದ್ದರೆ ಹಿಂದಿನ ಗೆರೆ. ಹೀಗೆ ಒಬ್ಬರ ಹೊತ್ತು ಒಂದಿಷ್ಟು ಮುಂದಕ್ಕೆ ಹೋಗಿರಬಹುದು, ಇನ್ನೊಬ್ಬರದು ಹಿಂದಕ್ಕೆ ಬಂದಿರಬಹುದು. ಎರಡೂ ಒಂದೇ ಗೆರೆಯಲ್ಲಿ ಬಂದು ಕೂತಿವೆ.

ಆ ಕಾಲಂ ದೊಡ್ಡದು ಮಾಡುವುದು ಒಂದು ಸಾಲಿನ ಕೆಲಸ. ಪೆಟ್ಟಿಗೆಗಳು ಆ ದಿನದ ಹೊತ್ತನ್ನು ಇನ್ನೂ ಇಟ್ಟುಕೊಂಡಿವೆ. ನಾನು ತೆರೆದು ನೋಡಿಲ್ಲ. ನೋಡಿದರೆ ಎಲ್ಲರ ಮುಂದೆ ನೋಡಬೇಕು.

ಆದರೆ ಅಪ್ಪಾ, ಆ ದಿನ ನಾನೂ ತಾರಸಿಯಲ್ಲಿದ್ದೆ. ನೋಡುತ್ತಿದ್ದೆ. ನೀವು ತಕರಾರು ಹಿಂದಕ್ಕೆ ತೆಗೆದುಕೊಳ್ಳಿ. ಜೊತೆಯ ಗೆಲುವು ಸೋಲಲ್ಲ. ಯಾಕೆ ಎಂದು ಕೇಳಬೇಡಿ.

ಕುಯಿಲಿ

*

24 ಫೆಬ್ರವರಿ 2019

ಕುಯಿಲಿ,

ಯಾಕೆ ಎಂದು ಕೇಳುವುದಿಲ್ಲ. ಯಾಕೆ ಎಂದು ಗೊತ್ತಿದೆ. ನಿನ್ನ ಮಾವ ಸೋಲುವುದು ನಿನಗೆ ಬೇಡ.

ಟೀ ಅಂಗಡಿಯಲ್ಲಿ ನಿನ್ನೆ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಬೀಗರು ಹಕ್ಕಿಗೆ ಹೊಟ್ಟೆಕಿಚ್ಚು ಹತ್ತಿಸ್ತಾರಂತೆ. ಅದಕ್ಯಾಕೆ ರೋಸಿ ಬೇಕು? ಅವರ ಕೈಯಲ್ಲಿ ಹಿಡ್ಕೊಂಡ್ರೆ ಸಾಕು, ಅಂಟ್ಕೊಳ್ಳುತ್ತೆ." ಎಲ್ಲರೂ ನಕ್ಕರು. ಮುರುಗಯ್ಯನೂ ನಕ್ಕ. ನನ್ನ ಟೀಯನ್ನು ನಾನು ಚೆಲ್ಲಿದೆ. ಕೈತಪ್ಪಿ ಬಿತ್ತು ಎಂದು ಅಂಗಡಿಯವನು ಇನ್ನೊಂದು ಕೊಟ್ಟ. ಅದನ್ನೂ ಚೆಲ್ಲಿದೆ.

ಪೆಟ್ಟಿಗೆ ತೆರೆಯಿರಿ. ಎಲ್ಲರ ಮುಂದೆ ತೆರೆಯಿರಿ. ಮುಂದಿನ ಭಾನುವಾರದ ಸಭೆಯಲ್ಲಿ ನಾನು ಮೊದಲ ಸಾಲಿನಲ್ಲಿ ಕೂತಿರುತ್ತೇನೆ.

ದೇಸಿಂಗು

*

4 ಮಾರ್ಚ್ 2019

ಸದಸ್ಯರಾದ ಶ್ರೀ ದೇಸಿಂಗು ಅವರಿಗೆ,

ನಿಯಮದ ಪ್ರಕಾರ ನಿನ್ನೆಯ ಸಭೆಯ ತೀರ್ಮಾನವನ್ನು ಬರೆದು ಕಳಿಸುತ್ತಿದ್ದೇನೆ. ನೀವು ಪೂರ್ತಿ ಕೇಳುವ ಮುಂಚೆಯೇ ಎದ್ದು ಹೋದಿರಿ.

ಹೊತ್ತಿನ ಕಾಲಂ ಈಗ ಸೆಕೆಂಡಿನ ಸಾವಿರದ ಚೂರುಗಳನ್ನೂ ಇಟ್ಟುಕೊಳ್ಳುತ್ತದೆ. ಎರಡೂ ಪೆಟ್ಟಿಗೆಗಳನ್ನು ಸದಸ್ಯರ ಮುಂದೆ ಮತ್ತೆ ಓದಿಸಲಾಯಿತು. ಮೇಸ್ತ್ರಿಯ ಹೊತ್ತು ನಲವತ್ತೊಂದು ಸೆಕೆಂಡು ದಾಟಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದು ನಲವತ್ತೆರಡಕ್ಕೆ ಏರಿತ್ತು. ಕಲೆಕ್ಟರನ ಹೊತ್ತು ನಲವತ್ತೆರಡು ದಾಟಿ ಸ್ವಲ್ಪ. ಅದು ನಲವತ್ತೆರಡಕ್ಕೆ ಇಳಿದಿತ್ತು. ಮುಕ್ಕಾಲು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಮೇಸ್ತ್ರಿ ಮೊದಲು.

ರೇಸಿನ ಹಿಂದಿನ ಸಂಜೆ ಎಲ್ಲ ಪೆಟ್ಟಿಗೆಗಳ ಗಡಿಯಾರ ಒಂದಕ್ಕೊಂದು ಸರಿಹೋಗಿದ್ದಕ್ಕೆ ನಿಮ್ಮದೂ ಸಹಿ ಇದೆ.

ಕಪ್ಪನ್ನು ಹಿಂತಿರುಗಿಸಬೇಕು.

ಕುಯಿಲಿ
ಫಲಿತಾಂಶ ಕಾರ್ಯದರ್ಶಿ

*

6 ಮಾರ್ಚ್ 2019

ಕಾರ್ಯದರ್ಶಿಯವರಿಗೆ,

ಕಪ್ಪು ಬಂದಿದೆ, ನೋಡಿಕೊಳ್ಳಿ. ಒಳಗೆ ಕರಿಬೇವಿನ ಎರಡು ಎಲೆ ಅಂಟಿರಬಹುದು, ತೊಳೆದುಕೊಳ್ಳಿ.

ನಾನು ನೋಡಿದ್ದು ಸುಳ್ಳು, ಮುರುಗಯ್ಯ ಕೂಗಿದ್ದು ಸುಳ್ಳು, ಸಾವಿರದ ಚೂರು ಸತ್ಯ. ಒಳ್ಳೆಯದು. ಚೂರಿಗೆ ಜಾಗ ಇರಲಿಲ್ಲವಂತೆ, ಆಮೇಲೆ ಜಾಗ ಮಾಡಿದರಂತೆ, ಮಾಡಿದ ತಕ್ಷಣ ಅದರೊಳಗಿಂದ ಮಾವ ಗೆದ್ದು ಬಂದನಂತೆ. ಜಾಗ ಮಾಡಿದವರು ಯಾರು? ಸೊಸೆ. ನಾನು ಓದಿದವನಲ್ಲ, ಆದರೆ ಹಾರ್ಬರಿನಲ್ಲಿ ಮೂಟೆ ಹೇಗೆ ಮಾಯವಾಗುತ್ತದೆ ಎಂದು ನೋಡಿದವನು.

ಸಭೆಯಲ್ಲಿ ನೀನು ಆ ನಂಬರು ಓದುವಾಗ ನಿನ್ನ ಮುಖ ನೋಡಿದೆ. ನನ್ನ ಕಡೆ ತಿರುಗಲಿಲ್ಲ. ಅವನ ಕಡೆಯೂ ತಿರುಗಲಿಲ್ಲ ಎನ್ನುತ್ತಾಳೆ ನಿನ್ನಮ್ಮ. ಅವಳು ಯಾವತ್ತೂ ನಿನ್ನ ಕಡೆಯೇ.

ಸಂದಿಯ ಪಕ್ಕದ ನನ್ನ ಕಟ್ಟೆಯ ಮೇಲೆ ಆಳೆತ್ತರ ತಗಡು ಹೊಡೆಸಿದ್ದೇನೆ. ಇನ್ನು ಆ ಕಡೆ ಯಾರು ಯಾರಿಗೆ ಅಪ್ಪಾ ಎನ್ನುತ್ತಾರೋ ನನಗೆ ಕಾಣುವುದೂ ಬೇಡ, ಕೇಳುವುದೂ ಬೇಡ.

ಸಂಘಕ್ಕೆ ರಾಜೀನಾಮೆ ಇದರ ಜೊತೆ ಇದೆ. ಅಪ್ಪನ ಕೆಲಸಕ್ಕೂ ಇದೇ ಕಾಗದದಲ್ಲಿ ರಾಜೀನಾಮೆ ಎಂದು ತಿಳಿದುಕೊಳ್ಳಬಹುದು.

ದೇಸಿಂಗು

*

11 ಮಾರ್ಚ್ 2019

ಅಪ್ಪಾ,

ರಾಜೀನಾಮೆ ಎರಡನ್ನೂ ತಿರಸ್ಕರಿಸಿದ್ದೇನೆ. ಮೊದಲನೆಯದಕ್ಕೆ ಸಂಘದ ಕಾರಣಗಳಿವೆ. ಎರಡನೆಯದಕ್ಕೆ ಅಂಥ ನಿಯಮವೇ ಇಲ್ಲ.

ನಾನು ಕಳ್ಳಿ ಎಂದು ಬರೆದಿದ್ದೀರಿ. ಬಿಡಿಸಿ ಬರೆದಿಲ್ಲ ಅಷ್ಟೆ. ಹಾಗಾದರೆ ನಾನು ನೋಡಿದ್ದನ್ನು ಬಿಡಿಸಿಯೇ ಬರೆಯುತ್ತೇನೆ. ಹೇಳಬಾರದು ಎಂದುಕೊಂಡಿದ್ದೆ.

ನೀವು ನೋಡಿದ್ದು ಸುಳ್ಳಲ್ಲ. ಕಲೆಕ್ಟರನೇ ಮೊದಲು ಬಂದ. ನಾನೂ ನೋಡಿದೆ. ಪಾಪುವಿನ ಬಟ್ಟೆ ಹಿಂಡುತ್ತಿದ್ದೆ, ಬಕೆಟ್ ಬಿಟ್ಟು ಓಡಿದೆ. ನೀವು ಬೇರೆ ದಿಕ್ಕಿಗೆ ಕಣ್ಣಿಟ್ಟಿದ್ದಿರಿ, ಮಾತೂ ಇರಲಿಲ್ಲ, ಆದರೂ ತಡೆಯಲಾಗದೆ ಕಿರುಚಿದೆ: "ಅಪ್ಪಾ, ಬಂತು!" ನಿಮ್ಮನ್ನೇ ಕರೆದದ್ದು. ನಿಮ್ಮ ಹಕ್ಕಿ ಬಂತು ಎಂದು ಹೇಳಿದ್ದು. ಮಾಮನನ್ನು ನಾನು ಯಾವತ್ತೂ ಅಪ್ಪಾ ಎಂದಿಲ್ಲ. ನನಗಿರುವುದು ಒಬ್ಬರೇ, ಅವರೂ ಮಾತಾಡುವುದಿಲ್ಲ. ನನ್ನ ಕೂಗು ಕೇಳಿ ಮಾಮ, "ಅಯ್ಯೋ, ನಮ್ ಪಾರ್ಟಿನಾ ಅವರ ಪಾರ್ಟಿನಾ ನೀನು?" ಎಂದು ತಲೆ ಚಚ್ಚಿಕೊಂಡರು.

ನೀವು ತಿರುಗಿದಿರಿ. ನನ್ನನ್ನು ನೋಡಿದಿರಿ. ನಿಮ್ಮ ಕೈಯಲ್ಲಿ ಅಲ್ಲಾಡುತ್ತಿದ್ದ ಕಾಳಿನ ಡಬ್ಬಿ ನಿಂತುಹೋಯಿತು.

ಡಬ್ಬಿಯ ಸದ್ದು ಕೇಳಿ ಒಳಗೆ ಹೋಗಲು ನೀವೇ ಕಲಿಸಿದ ಹಕ್ಕಿ ಅದು. ಸದ್ದಿಲ್ಲ. ಕಟ್ಟೆಯ ಮೇಲೆ ಕೂತು ನಿಮ್ಮ ಮುಖ ನೋಡಿತು. ನೀವು ನನ್ನ ಮುಖ ನೋಡಿದಿರಿ. ಅಷ್ಟರಲ್ಲಿ ಮೇಸ್ತ್ರಿ ಇಳಿದ, ಮಾಮ ಡಬ್ಬಿ ಅಲ್ಲಾಡಿಸುತ್ತಲೇ ಇದ್ದರು, ಅವನು ನೆಟ್ಟಗೆ ಒಳಗೆ ಹೋದ. ಆಮೇಲೆ ನಿಮಗೆ ಎಚ್ಚರವಾಯಿತು.

ಪೆಟ್ಟಿಗೆಗೆ ಕಟ್ಟೆ ಗೊತ್ತಿಲ್ಲ ಅಪ್ಪಾ. ಅದಕ್ಕೆ ಬಾಗಿಲ ಹಲಗೆ ಮಾತ್ರ ಗೊತ್ತು. ಅದಕ್ಕೇ ತಕರಾರು ಬೇಡ ಎಂದೆ. ನನ್ನ ಕಾಲಂ ಚಿಕ್ಕದಿದ್ದದ್ದು ನಿಮ್ಮನ್ನು ಕಾಯುತ್ತಿತ್ತು. ಮಾಮನಿಂದ ಕಿತ್ತು ನಿಮಗೆ ಕೊಟ್ಟಿತ್ತು. ನೀವೇ ಅದನ್ನು ಬಿಚ್ಚಿಸಿದಿರಿ.

ಆ ನಂಬರನ್ನು ಓದುವಾಗ ನಾನು ಯಾರ ಕಡೆಯೂ ತಿರುಗಲಿಲ್ಲ. ಅಮ್ಮ ಹೇಳಿದ್ದು ನಿಜ. ಅಳು ಬರುತ್ತಿತ್ತು.

ತಗಡು ನೋಡಿದೆ. ಬಿಸಿಲು ಬಿದ್ದರೆ ಪಾಪುವಿನ ತೊಟ್ಟಿಲಿಗೆ ಝಳ ಹೊಡೆಯುತ್ತದೆ.

ಕುಯಿಲಿ

*

10 ಜೂನ್ 2019

ಕುಯಿಲಿ,

ಮಾರ್ಚಿನಲ್ಲಿ ನೀನು ಬರೆದದ್ದು ತಲುಪಿತು. ಅದರ ಬಗ್ಗೆ ನಾನು ಬರೆಯುವುದಿಲ್ಲ.

ಕಾಗದ ಹಾಕಿದ್ದು ಬೇರೆ ಕಾರಣಕ್ಕೆ. ಆ ತಗಡು ಹೊಡೆಸಿದ ಮೇಲೆ ನನ್ನ ಹಕ್ಕಿಗಳಿಗೆ ದಿಕ್ಕು ಕೆಟ್ಟಿದೆ. ಆ ಕಡೆಯಿಂದ ಇಳಿದು ಅಭ್ಯಾಸ ಅವಕ್ಕೆ. ಈಗ ತಗಡಿನ ಹೊಳಪಿಗೆ ಹೆದರಿ ಒಂದು ಸುತ್ತು ಹಾಕುತ್ತವೆ, ಎರಡು ಸುತ್ತು ಹಾಕುತ್ತವೆ, ಕೊನೆಗೆ ಹೋಗಿ ನಿಮ್ಮ ತಾರಸಿಗೆ ಇಳಿಯುತ್ತವೆ. ಕಲೆಕ್ಟರ್ ಮೊದಲ ವಾರ ಸಂಜೆ ವಾಪಸು ಬರುತ್ತಿದ್ದ. ಈಗ ಬರುತ್ತಿಲ್ಲ. ರೋಸಿ ಇಲ್ಲಿ ಒಬ್ಬಳೇ ಕೂತಿದ್ದಾಳೆ.

ಮೊನ್ನೆ ನೀರಿನ ಲಾರಿಯ ಹತ್ತಿರ ನಾನು ಕೊಡ ಹಿಡಿದು ನಿಂತಿದ್ದೆ. ನಿನ್ನ ಮಾವ ಅಷ್ಟು ಜನ ಹೆಂಗಸರ ಮುಂದೆ, "ಬೀಗರೇ, ನಿಮ್ ಕಲೆಕ್ಟರ್‌ಗೆ ಟ್ರಾನ್ಸ್‌ಫರ್ ಆಗಿದೆ. ನಮ್ ತಾರಸಿಗೆ ಚಾರ್ಜ್ ತಗೊಂಡಿದ್ದಾನೆ. ನೀವೂ ಬಂದ್ಬಿಡಿ, ಕ್ವಾರ್ಟರ್ಸ್ ಖಾಲಿ ಇದೆ" ಎಂದ. ಎಲ್ಲರೂ ಕೊಡ ಕೆಳಗಿಟ್ಟು ನಕ್ಕರು. ನಾನು ತುಂಬದ ಕೊಡ ಎತ್ತಿಕೊಂಡು ಬಂದೆ.

ಕಲೆಕ್ಟರನಿಗೆ ಅಲ್ಲಿ ಕಾಳು ಯಾರು ಹಾಕುತ್ತಿದ್ದಾರೆ? ನೀನಾದರೆ ಬಟಾಣಿ ಕಡಿಮೆ ಮಾಡು, ಬೇಸಿಗೆಯಲ್ಲಿ ಆಗುವುದಿಲ್ಲ ಅವನಿಗೆ. ತಣಿಕಾಚಲಂ ಆದರೆ ನಿಲ್ಲಿಸು. ಅವನು ಕೈಯಾರೆ ತಿನ್ನಿಸಿದ ಹಕ್ಕಿ ಯಾವುದೂ ಮತ್ತೆ ನನ್ನ ಮುಖ ನೋಡಿದ್ದಿಲ್ಲ.

ನಿನ್ನಮ್ಮ ತಗಡನ್ನು ನೋಡಿ ದಿನಾ ಒಂದೇ ಮಾತು: "ಹಕ್ಕಿಗೆ ದಾರಿ ತಪ್ತು ಅಂತೀರಲ್ಲ, ದಾರಿಗೆ ಅಡ್ಡ ನಿಂತೋರು ಯಾರು?" ನಿನ್ನೆ ತಗಡಿನ ಮೇಲಿನ ಎರಡು ಹಾಳೆ ತೆಗೆಸಿದೆ. ಹಕ್ಕಿಗಳಿಗಾಗಿ. ಕೆಳಗಿನ ಹಾಳೆಗಳು ಹಾಗೇ ಇವೆ.

ದೇಸಿಂಗು

*

17 ಜೂನ್ 2019

ಅಪ್ಪಾ,

ಕಲೆಕ್ಟರನಿಗೆ ಕಾಳು ಹಾಕುತ್ತಿರುವುದು ನಾನೇ. ಬಟಾಣಿ ಕಡಿಮೆ ಮಾಡಿದ್ದೇನೆ. ನೀವು ಮೇಲಿನ ಹಾಳೆ ತೆಗೆಸಿದ ಮೇಲೆ ಅವನು ನಮ್ಮ ಕಟ್ಟೆಯ ಆ ತುದಿಗೆ ಹೋಗಿ ನಿಮ್ಮ ಕಡೆಗೇ ಮುಖ ಮಾಡಿ ಕೂರುತ್ತಾನೆ. ಹೋಗುವುದಿಲ್ಲ. ನೀವು ಡಬ್ಬಿ ಅಲ್ಲಾಡಿಸಿದ್ದು ಕೇಳಿ ಎಷ್ಟು ದಿನವಾಯಿತು ಎಂದು ಅವನನ್ನು ಕೇಳಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಪಾಪುವಿಗೆ ಕಿವಿ ಚುಚ್ಚಿಸುತ್ತೇವೆ. ಮನೆಯಲ್ಲೇ. ತಾಯಿಯ ಕಡೆಯವರ ಮಡಿಲಲ್ಲಿ ಕೂರಿಸಿ ಚುಚ್ಚಬೇಕು. ನನಗೆ ಅಣ್ಣತಮ್ಮಂದಿರಿಲ್ಲ. ಆ ಕಡೆಯಿಂದ ಇರುವುದು ನಿಮ್ಮ ಮಡಿಲು ಒಂದೇ.

ಹೆಸರಿಟ್ಟ ದಿನವೂ ನೀವು ಬಂದಿದ್ದಿರಿ. ಮುರುಗಯ್ಯ ಮಾವ ಹೇಳಿದರು. ಬಿಳಿ ಶರಟು ಹಾಕಿಕೊಂಡು ಅವರ ಇಸ್ತ್ರಿ ಅಂಗಡಿಯವರೆಗೆ ಬಂದು, ನಮ್ಮ ಬಾಗಿಲನ್ನೇ ನೋಡುತ್ತ ನಿಂತು, ಶರಟು ಮಡಚಿಕೊಡು ಎಂದು ಕೇಳಿ ವಾಪಸು ಹೋದಿರಂತೆ. ಮೈಮೇಲಿದ್ದ ಶರಟನ್ನು ಹೇಗೆ ಮಡಚಲಿ ಎಂದು ಅವರಿಗೆ ಈಗಲೂ ತಿಳಿದಿಲ್ಲ.

ಅಷ್ಟು ದೂರ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ ಅಪ್ಪಾ. ಹೊಸಿಲು ದಾಟಿದ್ದಷ್ಟೇ.

ನೀವು ಬರದಿದ್ದರೆ ತಾವೇ ಕೂರಿಸಿಕೊಳ್ಳುವುದಾಗಿ ಮಾಮ ಹೇಳಿದ್ದಾರೆ. ಹೊಸ ಪಂಚೆಯನ್ನೂ ತಂದಿಟ್ಟುಕೊಂಡಿದ್ದಾರೆ. ಈಗಲೇ ಪಾಪು ಅವರ ತೊಡೆಯ ಮೇಲೆ ಹತ್ತಿ ಕೂತು ಇಳಿಯುವುದೇ ಇಲ್ಲ. ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾಳೆ ಎಂದರೆ, ನೀವು ಬರದಿದ್ದರೂ ಅವಳಿಗೆ ಗೊತ್ತಾಗಲಿಕ್ಕಿಲ್ಲ. ಸುಮ್ಮನೆ ತಿಳಿಸಿದೆ.

ಕುಯಿಲಿ

*

19 ಜೂನ್ 2019

ಏ ಕುಯಿಲಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ಸಿಕ್ಕಿಬಿದ್ದೆ ನೀನು. ರೋಸಿಯನ್ನು ಇನ್ನೊಂದು ಗಂಡಿನ ಪಕ್ಕ ಕೂರಿಸಿ ತೋರಿಸುತ್ತೀಯ? ನನಗೇ? ಆ ವಿದ್ಯೆ ನಿನಗೆ ಕಲಿಸಿದವನು ನಾನು ಕಣೇ! ಹೊಸ ಪಂಚೆಯಂತೆ, ಇಳಿಯುವುದೇ ಇಲ್ಲವಂತೆ, ಸುಮ್ಮನೆ ತಿಳಿಸಿದಳಂತೆ!

ನಿನ್ನಮ್ಮನಿಗೆ ಓದಿ ಹೇಳಿದೆ. "ಗೊತ್ತಾಯ್ತಲ್ಲ ತೋರಿಸ್ತಿದಾಳೆ ಅಂತ, ಮತ್ಯಾಕೆ ನಿಂತ ನಿಲುವಲ್ಲೇ ಕುತ್ತಿಗೆ ಉಬ್ಬಿಸ್ತಿದೀರಿ?" ಎಂದಳು.

ಗೊತ್ತಾದರೆ ಉರಿ ಆರುತ್ತದೆಯೇ? ನಿನ್ನೆಯಿಂದ ಆ ಪಂಚೆಯೇ ಕಣ್ಣ ಮುಂದಿದೆ.

ಉಳಿದ ತಗಡನ್ನೂ ಇವತ್ತು ಕಳಚಿಸಿದೆ. ಪಾಪುವಿನ ತೊಟ್ಟಿಲಿಗೆ ಝಳ ಎಂದು ನೀನು ಬರೆದಿದ್ದೆಯಲ್ಲ, ಅದಕ್ಕೆ. ಮಾರ್ಚಿನಲ್ಲೇ ಓದಿದ್ದೆ.

ಅವನಿಗೆ ಹೇಳು, ಪಂಚೆಯನ್ನು ಮಡಚಿ ಒಳಗಿಡಲಿ. ಮೀನನ್ನೂ ಅವನು ತರುವುದು ಬೇಡ. ಕಾಸಿಮೇಡಿಗೆ ನಾನೇ ಹೋಗುತ್ತೇನೆ. ಅವನಿಗೆ ವಂಜಿರ ಮೀನಿನ ಕಿವಿರು ಎತ್ತಿ ನೋಡಲು ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ. ಮಗು ಅಳುವಾಗ ಅವನು ಎದುರಿಗೆ ನಿಂತು ಕೋತಿ ಮುಖ ಮಾಡಬಾರದು. ಅವಳು ನನ್ನ ಕಡೆ ನೋಡಬೇಕು.

ಎಷ್ಟು ಹೊತ್ತಿಗೆ ಬಂದೆ ಎಂದು ಬರೆದಿಡಬೇಡ. ನಿನ್ನ ಸಾವಿರದ ಚೂರು ನನಗೆ ಬೇಡ. ಭಾನುವಾರ ಬಂದರು ಎಂದಿದ್ದರೆ ಸಾಕು.

ನಾನು ಇಸ್ತ್ರಿ ಅಂಗಡಿಯವರೆಗೆ ಬರುವುದು ಖಂಡಿತ. ಅಲ್ಲಿಂದ ಆಚೆಗೆ ಕಾಲು ನಿಂತರೂ ನಿಲ್ಲಬಹುದು. ನನ್ನ ಸ್ವಭಾವ ನಿನಗೆ ಗೊತ್ತು. ಆಗ ಬಾಗಿಲಿಗೆ ಬಂದು ನನ್ನನ್ನು ಕರೆಯಬೇಡ, ಅವನ ಮುಂದೆ ನನಗೆ ನಾಚಿಕೆಯಾಗುತ್ತದೆ. ಒಳಗಿನಿಂದಲೇ ಡಬ್ಬಿ ಅಲ್ಲಾಡಿಸು.

ನಿನ್ನ ಅಪ್ಪ
ದೇಸಿಂಗು